ಬದುಕಿದ್ದವಳಿಗೆ ಇಟ್ಟ ಎಡೆ

ಅಕ್ಕಾ, ನೀನು ಬದುಕಿರುವಾಗಲೇ ನಿನ್ನನ್ನು ಸತ್ತವಳು ಅಂದೆ. ಬಾಯಿ ತಪ್ಪಿ ಒಂದು ಸಲ ಅಂದದ್ದಲ್ಲ. ಗಂಡನ ಮನೆಯವರ ಮುಂದೆ ಅಂದೆ, ಕೇಳಿದವರಿಗೆಲ್ಲ ಅಂದೆ. ಅಷ್ಟೇ ಆಗಿದ್ದರೆ ಸುಳ್ಳು ಅನ್ನಬಹುದಿತ್ತು. ಐದು ವರ್ಷ ಪಿತೃಪಕ್ಷದಲ್ಲಿ, ಸತ್ತ ಹಿರಿಯರ ಸಾಲಿನಲ್ಲಿ ನಿನ್ನ ಹೆಸರಿಗೂ ಬಾಳೆಎಲೆ ಹಾಸಿ, ಬಡಿಸಿ, ಕೈಮುಗಿದು ಎಡೆ ಇಟ್ಟೆ. ಆ ವರ್ಷಗಳಲ್ಲಿ ನೀನು ಮದರಾಸಿನಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡು ದುಡಿಯುತ್ತಿದ್ದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ — ಅದನ್ನು ಬರೆಯಲು ಕೈ ಬರಲಿ ಅಂತ ಇದನ್ನು ಮೊದಲು ಬರೆದಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ತಾಳ್ಮೆ ಇರಲಿ. ಓದುವ ಬೇರೆಯವರಿಗೂ ನಾನು ಎಂಥವಳಿಗೆ ಎಂಥದ್ದು ಮಾಡಿದೆ ಅಂತ ತಿಳಿಯಬೇಕು. ನಮ್ಮಪ್ಪ ಮಳವಳ್ಳಿ ಕಡೆಯ ಒಕ್ಕಲಿನವನು. ಹೊಲವನ್ನು ದಾಯಾದಿಗಳಿಗೆ ಬಿಟ್ಟು ಹಾರ್ಮೋನಿಯಂ ಹೊತ್ತುಕೊಂಡು ನಾಟಕದ ಕಂಪನಿ ಸೇರಿದ. ಅವ್ವ ನನ್ನನ್ನು ಹೆತ್ತು ತೀರಿಕೊಂಡಳು. ಆಗ ನಿನಗೆ ಎಂಟು ವರ್ಷ. ಕಂಪನಿಯ ಬಿಡಾರದಲ್ಲಿ ನನ್ನನ್ನು ಸೊಂಟದ ಮೇಲಿಟ್ಟುಕೊಂಡು, ಪರದೆಯ ಪಕ್ಕ ಯಾರ ಕೈಗೋ ಕೊಟ್ಟು, ರಂಗದ ಮೇಲೆ ಹೋಗಿ ಪುರಾಣದ ಗಂಡುಮಕ್ಕಳ ಪಾತ್ರ ಮಾಡಿ ಬರುತ್ತಿದ್ದೆಯಂತೆ. ಅಪ್ಪ ಸತ್ತ ಮೇಲೆ ನನ್ನನ್ನು ಮದ್ದೂರಿನ ಸೋದರಮಾವನ ಮನೆಯಲ್ಲಿ ಬಿಟ್ಟೆ. "ಇವಳು ಓದಲಿ ಮಾವ, ಬಣ್ಣ ನನಗೊಬ್ಬಳಿಗೇ ಸಾಕು" ಅಂದೆ. ನಾನು ಸ್ಲೇಟು ಹಿಡಿದದ್ದು, ಲೋವರ್ ಸೆಕೆಂಡರಿ ಮುಗಿಸಿದ್ದು, ಇವತ್ತು ಈ ಕಾಗದ ಬರೆಯುವಷ್ಟು ಅಕ್ಷರ ಕಲಿತದ್ದು — ಎಲ್ಲ ನಿನ್ನಿಂದ. ಆ ಅಕ್ಷರದಲ್ಲಿ ಇದನ್ನು ಬರೆಯಬೇಕಾಗಿ ಬಂತಲ್ಲ.

ಆಮೇಲೆ ನೀನು ಸಿನಿಮಾಕ್ಕೆ ಹೋದೆ. ಮನೆಯಲ್ಲಿ ತಾಯಮ್ಮ, ಪರದೆಯ ಮೇಲೆ ಮಿಸ್ ಪದ್ಮಕಾಂತಿ. ಮಾವನ ವಿಳಾಸಕ್ಕೆ ನೀನು ಬರೆಯುತ್ತಿದ್ದ ಕಾಗದಗಳನ್ನು ನಾನು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು ಓದಿ ಓದಿ ನಗುತ್ತಿದ್ದೆ. ಮೊದಲ ಚಿತ್ರದಲ್ಲಿ ಮರದ ಕೊಂಬೆಯಲ್ಲಿ ಮೈಕು ಅಡಗಿಸಿ ಕಟ್ಟಿದ್ದರಂತೆ, ಪೊದೆಯ ಹಿಂದೆ ತಬಲದವನನ್ನು ಕೂರಿಸಿದ್ದರಂತೆ. "ನಾನು ಕಣ್ಣಲ್ಲಿ ನೀರು ತಂದ್ಕೊಂಡು ಹಾಡ್ತಾ ಇದ್ದೀನಿ, ತಬಲದೋನಿಗೆ ಕೆಂಜಗ ಕಚ್ಚಿ ಅಯ್ಯಯ್ಯೋ ಅಂದ ಕಣೆ ಪುಟ್ಟಿ. ಅವನ ಅಯ್ಯಯ್ಯೋನೂ ಹಾಡಿನ ಜೊತೆ ಸೇರ್ಕೊಂಡ್ಬುಡ್ತು. ಮತ್ತೆ ಮೊದಲಿಂದ ಹಾಡಿದೆ" ಅಂತ ಬರೆದಿದ್ದೆ. ಎರಡು ಚಿತ್ರಗಳಲ್ಲಿ ರಾಜಕುಮಾರಿಯಾದೆ. ತಮಿಳು ಚಿತ್ರ ಸಿಕ್ಕಾಗ ತಮಿಳು ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಒಂದರಲ್ಲಿ ಸನ್ಯಾಸಿನಿ, ಇನ್ನೊಂದರಲ್ಲಿ ಮನೆ ಮುರಿಯುವ ಬೆಡಗಿ, ಮತ್ತೊಂದರಲ್ಲಿ ಹಾಸ್ಯಗಾರನನ್ನು ಪೊರಕೆಯಲ್ಲಿ ಬಾರಿಸುವ ಹೆಂಡತಿ. ಯುದ್ಧ ಬಂದು ಫಿಲಂ ಸಿಗದೆ ಚಿತ್ರಗಳೇ ಕಡಿಮೆಯಾದವು. ಆಗ ಸಿಕ್ಕಿದ್ದು ತಾಯಿಯ ಪಾತ್ರ. "ನನಗಿಂತ ಎರಡು ವರ್ಷ ದೊಡ್ಡೋನಿಗೆ ನಾನು ಹೆತ್ತವ್ವ. ತಲೆಗೆ ಬಿಳಿ ಪುಡಿ ಹಚ್ಚಿದ್ರು, ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ" ಅಂತ ಬರೆದಿದ್ದೆ. ಆ ಕಾಗದಕ್ಕೂ ನಾನು ನಕ್ಕಿದ್ದೆ ಅಕ್ಕಾ. ನಗುವ ಕಾಗದವಾಗಿರಲಿಲ್ಲ ಅದು.

ನನಗೆ ಹನಕೆರೆಯ ಗಂಡು ಗೊತ್ತಾಯಿತು. ಗದ್ದೆ, ಕಬ್ಬು, ಕೊಟ್ಟಿಗೆ ತುಂಬ ದನ, ಕೂಗಳತೆಯಲ್ಲಿ ರೈಲು ಸ್ಟೇಷನ್ನು. ಮದುವೆಯ ಸೀರೆಯಿಂದ ಹಿಡಿದು ಎಲ್ಲ ನೀನೇ ಕಳಿಸಿದೆ, ನೀನು ಮಾತ್ರ ಬರಲಿಲ್ಲ. "ನಾನು ಬಂದ್ರೆ ಬೀಗರು ಚಪ್ಪರದಿಂದ ಎದ್ದು ಓಯ್ತಾರೆ. ನಾನು ದೂರವೇ ಇರ್ತೀನಿ ಕಣೆ" ಅಂತ ಬರೆದೆ. ನೀನು ಒಪ್ಪಿದ್ದು ದೂರ ಇರುವುದಕ್ಕೆ. ಸಾಯುವುದಕ್ಕಲ್ಲ. ಮಾವನೂ ನನಗೆ ಸುಳ್ಳು ಹೇಳಿಕೊಡಲಿಲ್ಲ, ಬಾಯಿ ಮುಚ್ಚಿಕೊಂಡಿರು ಅಂದ, ಅಷ್ಟೇ. ಆ ಮಾತನ್ನು ಹುಟ್ಟಿಸಿದವಳು ನಾನೇ, ನನ್ನದೇ ನಾಲಿಗೆ.

ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. ಮಂಡ್ಯಕ್ಕೆ ಬಂದಿದ್ದ ಟೆಂಟ್ ಸಿನಿಮಾದ ವಿಷಯ ಜಗಲಿಯ ಮೇಲೆ ಬಂತು. ಮೈದುನ ಯಾವಳೋ ನಟಿಯ ಹೆಸರು ಹೇಳಿ ಹಲ್ಲು ಕಿರಿದ. ನನ್ನ ಗಂಡ, "ಅವರ್ಗೆಲ್ಲ ಅಪ್ಪ ಇಲ್ಲ ಅವ್ವ ಇಲ್ಲ ಬುಡ್ಲಾ" ಅಂದರು. ಅದೇ ಹೊತ್ತಿಗೆ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ನನ್ನ ಕಡೆ ತಿರುಗಿ, "ನಿಂಗೆ ಒಡಹುಟ್ಟಿದೋರು ಯಾರೂ ಇಲ್ವೇನವ್ವ?" ಅಂದರು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ — ನನ್ನನ್ನು ಸೊಂಟದ ಮೇಲೆ ಹೊತ್ತವಳನ್ನು ಹುಟ್ಟಿಯೇ ಇಲ್ಲ ಅನ್ನುವುದು ಹೇಗೆ? ಇದ್ದಾಳೆ ಅನ್ನಲು ಧೈರ್ಯವಿಲ್ಲ. ಎರಡರ ನಡುವೆ ಬಾಯಿಗೆ ಬಂದದ್ದು, "ಒಬ್ಬಳು ಅಕ್ಕ ಇದ್ದಳು. ಪ್ಲೇಗಿನಲ್ಲಿ ಹೋದಳು."

ಅತ್ತೆ ಗಟ್ಟಿಗಿತ್ತಿ, ಆದರೆ ಮನಸ್ಸು ಬೆಣ್ಣೆ. ಅವರ ಕಣ್ಣಲ್ಲಿ ನೀರು ಬಂತು. ಅವರು ಕೆಟ್ಟವರಾಗಿದ್ದರೆ ನಾನು ಇಷ್ಟು ಹಾಳಾಗುತ್ತಿರಲಿಲ್ಲವೇನೋ. ಆ ವರ್ಷ ಪಿತೃಪಕ್ಷ ಬಂದಾಗ ನನ್ನನ್ನು ಅಡುಗೆಮನೆಗೆ ಕರೆದು ಅಂದರು: "ತೌರಲ್ಲಿ ನಿನ್ನಕ್ಕಂಗೆ ಎಡೆ ಇಕ್ಕೋರು ಯಾರವ್ರೆ? ಮದ್ವೆ ಇಲ್ದೆ ಸತ್ತೋದ ಎಣ್ಣು, ಅಸ್ಕೊಂಡು ತಿರುಗ್ತಾ ಇರ್ತದೆ ಪಾಪ. ನಮ್ಮೋರ ಜೊತೆಗೇ ಒಂದೆಲೆ ಆಕ್ಬುಡಾನ. ಏನಿಷ್ಟ ಅವಳ್ಗೆ?"

ಹೊರಗಿನವರ ಮನೆಯ ಸತ್ತವಳಿಗೆ ತಮ್ಮ ಹಿರಿಯರ ಸಾಲಿನಲ್ಲಿ ಜಾಗ ಕೊಡುವ ಅತ್ತೆ ಎಲ್ಲಿ ಸಿಗುತ್ತಾರೆ? ನಾನು "ಕಜ್ಜಾಯ" ಅಂದೆ. ಸುಳ್ಳು ಹೇಳುವ ಬಾಯಿ ಅದೊಂದನ್ನು ನಿಜ ಹೇಳಿತು. ಗಂಡನ ಅಜ್ಜನ ಎಲೆಯ ಮುಂದೆ ಬೀಡಿಕಟ್ಟು ಮತ್ತು ಹೆಂಡ, ಗಂಡನ ತಂದೆಯವರ ಎಲೆಯ ಮುಂದೆ ಎಲೆಅಡಿಕೆ ಮತ್ತು ಪಂಚೆ, ನಿನ್ನ ಎಲೆಯ ಮುಂದೆ ಹಸಿರು ಬಳೆ, ಹೂವು, ಒಂದು ರವಿಕೆ ಕಣ. ಬಾಡಿನ ಸಾರು, ಮುದ್ದೆ, ಅನ್ನ, ವಡೆ, ನಿನ್ನ ಎಲೆಗೆ ಮಾತ್ರ ಎರಡು ಕಜ್ಜಾಯ ಹೆಚ್ಚು. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದು ಕೂತೆವು. ಸತ್ತವರು ಬಂದು ಉಣ್ಣುವ ಹೊತ್ತಿನಲ್ಲಿ ಬದುಕಿದ್ದವರು ಒಳಗಿರಬಾರದು. ನಾನು ಜಗಲಿಯ ಮೇಲೆ ಕೂತು ಮನಸ್ಸಿನಲ್ಲೇ ನಿನಗೆ ನೂರು ವರ್ಷ ಆಯಸ್ಸು ಬೇಡಿಕೊಂಡೆ. ಒಳಗೆ ಎಡೆ, ಹೊರಗೆ ಬೇಡಿಕೆ — ನನ್ನಂಥ ಮನೆಮುರುಕಿ ಇನ್ನೊಬ್ಬಳಿರಲಾರಳು.

ಯುದ್ಧದ ಕಾಲದಲ್ಲೇ ಒಮ್ಮೆ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಮಂಡ್ಯದ ಟೆಂಟಿಗೆ ಹೋದೆವು. ಹೆಂಗಸರ ಕಡೆ ಮರಳಿನ ಮೇಲೆ ಕೂತೆವು. ನೋಡಿದರೆ ಪರದೆಯ ಮೇಲೆ ನೀನು. ನೀನು ಒಂದು ಸಂಸಾರ ಒಡೆಯುವವಳು, ಹುಬ್ಬು ಹಾರಿಸುತ್ತೀಯೆ, ಕತ್ತು ಕೊಂಕಿಸಿ ನಗುತ್ತೀಯೆ. ಅತ್ತೆ ನೆಟಿಗೆ ಮುರಿದು, "ಏನ್ ಚೆಂದಾಗವ್ಳೆ ನೋಡು ಮುಂಡೆ! ಇವಳ ಬಾಯಿಗೆ ಮಣ್ಣಾಕ" ಅಂದರು. ಪಕ್ಕದವರೆಲ್ಲ ಶಾಪ ಹಾಕಿದರು. ನಾನೊಬ್ಬಳು ಸುಮ್ಮನಿದ್ದರೆ ಯಾರು ಕೇಳುತ್ತಿದ್ದರು? ನಾನೂ, "ಇಂಥವಳು ಹುಟ್ಟಲೇಬಾರದಿತ್ತು" ಅಂದೆ. ಅಂದು ತಲೆ ತಗ್ಗಿಸಿ ಕೂತು ನಿನ್ನ ಹಾಡನ್ನು ಕೇಳಿದೆ. ಹೆಮ್ಮೆಯಿಂದ ಎದೆ ಉಬ್ಬಿತ್ತು, ಅದೂ ನಿಜ. ಆ ಹೆಮ್ಮೆಯಿಂದ ನಿನಗೇನು ಬಂತು?

ಈಗ ಬರೆಯಲೇಬೇಕು.

ಯುದ್ಧ ಮುಗಿದ ಮರುವರ್ಷ, ಮಹಾಲಯ ಅಮಾವಾಸ್ಯೆ. ಅಷ್ಟು ಹೊತ್ತಿಗೆ ನನಗೆ ಮಗನಾಗಿದ್ದ, ಅಂಬೆಗಾಲಿಕ್ಕುತ್ತಿದ್ದ. ಮಧ್ಯಾಹ್ನ ಇಳಿದಿತ್ತು. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ನಾವೆಲ್ಲ ಜಗಲಿಯ ಮೇಲಿದ್ದೆವು. ಸ್ಟೇಷನ್ನಿನ ಕಡೆಯಿಂದ ಒಬ್ಬ ಹೆಂಗಸು ಬಂದಳು. ಮಾಸಿದ ಸೀರೆ, ಕಂಕುಳಲ್ಲಿ ಒಂದು ಗಂಟು, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಯಾರೋ ಅಂದುಕೊಂಡೆ. ನಿಜವಾಗಿ ಯಾರೋ ಅಂತಲೇ ಅಂದುಕೊಂಡೆ, ಅಷ್ಟು ಇಳಿದುಹೋಗಿದ್ದೆ ನೀನು. ನೀನು ನನ್ನ ಮುಖ ನೋಡಿ ನಕ್ಕೆಯಲ್ಲ — ಆಗ ಗೊತ್ತಾಯಿತು.

"ಯಾರವ್ವ ನೀನು? ಯಾವೂರು?" ಅಂದರು ಅತ್ತೆ.

ನೀನು ನನ್ನನ್ನೇ ನೋಡಿದೆ. ನಾನು ಹೇಳಲಿ ಅಂತ ಬಿಟ್ಟೆ. ಅಷ್ಟು ದೂರದಿಂದ, ಅಂಥ ಮೈಯಲ್ಲಿ ಬಂದವಳು ನನ್ನ ಒಂದು ಮಾತಿಗೆ ಕಾದು ನಿಂತೆ. ನಾನು ಅಂದೆ: "ಯಾರೋ ದಾರಿ ತಪ್ಪಿ ಬಂದವ್ರೆ ಕಣತ್ತೆ."

ಒಂದು ಗಳಿಗೆಯೂ ತಡವಾಗಲಿಲ್ಲ. ನೀನು ಗಂಟನ್ನು ಕೆಳಗಿಟ್ಟು, "ಊಂ ಕಣವ್ವ, ಸಿವಪುರಕ್ಕೆ ಓಗ್ಬೇಕಿತ್ತು. ಸ್ಟೇಷನ್ ಗೊತ್ತಾಗ್ದೆ ಇಲ್ಲೇ ಇಳ್ಕೊಂಡ್ಬುಟ್ಟೆ" ಅಂದೆ. ಎಷ್ಟು ಸಲೀಸಾಗಿ ಅಂದೆ! ಮೈದುನ ಕಣ್ಣು ಕಿರಿದು ಮಾಡಿ, "ನಿಮ್ಮನ್ನ ಎಲ್ಲೋ ನೋಡ್ದಂಗದೆ" ಅಂದ. "ನನ್ನಂತೋರು ಊರ್ಗೊಬ್ರು ಇರ್ತಾರೆ ಕಣಪ್ಪ" ಅಂದೆ ನೀನು. ನೀನು ಆಡಿದ ಅಷ್ಟೊಂದು ಪಾತ್ರಗಳಲ್ಲಿ ನಾನು ಕಣ್ಣಾರೆ ಕಂಡದ್ದು ಎರಡೇ. ಎರಡನೆಯದನ್ನು ನೀನು ಆಡಿದ್ದು ನನ್ನನ್ನು ಉಳಿಸುವುದಕ್ಕೆ.

ಅತ್ತೆ ನಿನ್ನನ್ನು ಹೋಗಗೊಡಲಿಲ್ಲ. "ಎಡೆ ಇಕ್ಕಿದ್ ಒತ್ನಲ್ಲಿ ಬಾಗಿಲಿಗೆ ಬಂದೋರ್ನ ಬರೀ ಒಟ್ಟೇಲಿ ಕಳಿಸ್ಬಾರ್ದು, ಕೂತ್ಕೊ" ಅಂದರು. ಸುಮ್ಮನಿರುವ ಜೀವವೇ ಅದು? ಒಳಗೆ ಯಾರ್ಯಾರ ಎಡೆ ಇದೆ ಅಂತ ಲೆಕ್ಕ ಒಪ್ಪಿಸಿದರು: "ನಮ್ಮತ್ತೆ ಮಾವಂದು, ನಮ್ಮೆಜಮಾನ್ರದು. ಇನ್ನೊಂದು ಈ ನನ್ ಸೊಸೆ ಅಕ್ಕಂದು. ಪಾಪ, ಮದ್ವೆಗೂ ಮುಂಚೆ ಓಗ್ಬುಡ್ತು."

"ಏನಾಗಿತ್ತವ್ವ?" ಅಂದೆ ನೀನು.

"ಪ್ಲೇಗು."

"ಪ್ಲೇಗಾ" ಅಂದು ನೀನು ತಲೆ ಆಡಿಸಿದೆ. "ಎಸ್ರೇನು?"

"ತಾಯಮ್ಮ ಅಂತ."

ನನ್ನ ಮಗ ತೆವಳಿಕೊಂಡು ನಿನ್ನ ಹತ್ತಿರ ಬಂದ. ನೀನು ಸೆರಗನ್ನು ಬಾಯಿಗೆ ಒತ್ತಿ ಹಿಂದೆ ಸರಿದು ಕೂತೆ, ಅವನು ಮತ್ತೆ ಬಂದ, ಮತ್ತೆ ಸರಿದೆ. ನಾನು ಎಂಥವಳು ನೋಡು — ನೀನು ಕೋಪದಿಂದ ನನ್ನ ಮಗುವನ್ನು ಮುಟ್ಟಲಿಲ್ಲ ಅಂತ ಒಳಗೊಳಗೇ ಕುದಿದೆ. ನಿನ್ನ ಕಾಯಿಲೆ ಅವನಿಗೆ ತಗುಲಬಾರದು ಅಂತ ಸರಿದಿದ್ದೆ ನೀನು.

ಬಾಗಿಲು ತೆರೆದರು. ಎಡೆಯ ಊಟವನ್ನು ಮನೆಯವರು ಹಂಚಿಕೊಂಡು ಉಣ್ಣುವುದು ಪದ್ಧತಿ. ಪ್ರತಿ ವರ್ಷ ನಿನ್ನ ಎಲೆಗೆ ನಾನೇ ಕೂರುತ್ತಿದ್ದೆ. ಆವತ್ತು ಅತ್ತೆ, "ನಿನ್ನಕ್ಕನ ಎಡೆ ಈ ಎಣ್ಮಗಳ್ಗೆ ಕೊಡು. ಅವಳೇ ಬಂದು ಉಂಡಂಗಾಯ್ತದೆ" ಅಂದರು. ನಾನು ನಿನ್ನ ಕೈಗೆ ನೀರು ಕೊಟ್ಟೆ. ನಿನ್ನ ಎಡೆಯ ಮುಂದೆ ನಿನ್ನನ್ನೇ ಕೂರಿಸಿದೆ. ಸಾರು ಬಡಿಸಿದೆ. ಸಾರು ಎಲೆಯಿಂದಾಚೆ ಚೆಲ್ಲಿತು, ನೀನು ಎಲೆಯನ್ನು ಒಂದಿಷ್ಟು ಎತ್ತಿ ಅದನ್ನು ತಡೆದೆ, ಯಾರಿಗೂ ಕಾಣದ ಹಾಗೆ. ಊಟದ ನಡುವೆ ಎರಡು ಸಲ ಕೆಮ್ಮು ಬಂತು, ಗೋಡೆಯ ಕಡೆ ತಿರುಗಿ ಕೆಮ್ಮಿದೆ. ಎಲ್ಲ ಉಂಡೆ. ಕಜ್ಜಾಯವನ್ನು ಕೊನೆಗಿಟ್ಟುಕೊಂಡು ತಿಂದೆ, ಚಿಕ್ಕಂದಿನಲ್ಲಿ ತಿನ್ನುತ್ತಿದ್ದ ಹಾಗೇ. ಆಮೇಲೆ ಅತ್ತೆ ಎಡೆಗಿಟ್ಟಿದ್ದ ಹಸಿರು ಬಳೆ, ಕಣ ಎರಡನ್ನೂ ನಿನ್ನ ಉಡಿಗೆ ಹಾಕಿದರು. ಭೂಮಿ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಇಷ್ಟಕ್ಕೂ ಒಂದು ಕಾರಣ ಹೇಳಬಹುದು: ಭಯ. ಮನೆ ತುಂಬ ಜನ, ಮೈದುನನ ಕಣ್ಣು, ಗಂಡನ ಮಾನ. ಮುಂದಿನದಕ್ಕೆ ಏನು ಹೇಳಲಿ?

"ಕಬ್ಬಿನ ಗದ್ದೆ ದಾಟ್ಸಿ ಸ್ಟೇಷನ್ ತೋರ್ಸಿ ಬಾರವ್ವ" ಅಂತ ಅತ್ತೆ ನನ್ನನ್ನು ನಿನ್ನ ಜೊತೆ ಕಳಿಸಿದರು. ಎರಡೂ ಕಡೆ ಆಳೆತ್ತರದ ಕಬ್ಬು. ಇಡೀ ಬದುವಿನ ಮೇಲೆ ನಾವಿಬ್ಬರೇ, ಕೇಳಿಸಿಕೊಳ್ಳುವವರು ಒಂದು ನರಪಿಳ್ಳೆಯೂ ಇರಲಿಲ್ಲ. ನೀನು ಬೈಯುತ್ತೀಯ ಅಂತ ಕಾದೆ. ನೀನು ನಕ್ಕೆ.

"ಪ್ಲೇಗಲ್ಲಿ ಸಾಯ್ಸಿದ್ಯಲ್ಲೆ ಪುಟ್ಟಿ. ಸಿನಿಮಾದೋರೂ ನನ್ನ ಇಷ್ಟು ಬೇಗ ಸಾಯ್ಸಿರ್ಲಿಲ್ಲ."

ನಡೆಯುತ್ತ ನಡೆಯುತ್ತ ನೀನೇ ಹೇಳಿದೆ. ಒಂದೂವರೆ ವರ್ಷದಿಂದ ಪಾತ್ರವಿಲ್ಲ. ಹೊಸ ಹುಡುಗಿಯರಿಗೆ ಪರದೆಯ ಹಿಂದೆ ನಿಂತು ಹಾಡುತ್ತಿದ್ದೆ, ಕೆಮ್ಮು ಹಿಡಿದ ಮೇಲೆ ಅದೂ ಹೋಯಿತು. ಕೊನೆಗೆ ಸಂತೆಯ ದೃಶ್ಯದ ಜನರ ಗುಂಪಿನಲ್ಲಿ ನಿಂತೆ. ಮೊದಲ ಚಿತ್ರದಲ್ಲಿ ನಿನಗೆ ಕೊಡೆ ಹಿಡಿದಿದ್ದವನೇ ಬಂದು, "ಅಲ್ಲಿ ಹಿಂದಕ್ಕೆ ನಿಲ್ಲಮ್ಮ" ಅಂದನಂತೆ. ಅದನ್ನೂ ನಗುತ್ತಲೇ ಹೇಳಿದೆ. ಆಮೇಲೆ ನಿಂತು, ನನ್ನ ಮುಖ ನೋಡದೆ ಕಬ್ಬಿನ ಗರಿ ಹಿಡಿದುಕೊಂಡು ಕೇಳಿದೆ.

"ಡಾಕ್ಟ್ರು ಮೂರ್ನಾಕು ತಿಂಗ್ಳು ಅಳ್ಳಿ ಗಾಳೀಲಿ ಇರು, ಆಲು ಕುಡಿ, ಬದುಕ್ಕೊತೀಯ ಅಂದವ್ರೆ. ನಿಮ್ಮ ಕೊಟ್ಟಿಗೆ ಮಗ್ಗುಲಲ್ಲಿ ಒಂದು ಕ್ವಾಣೆ ಖಾಲಿ ಅದೆ, ನೋಡ್ದೆ. ಅಕ್ಕ ಅಂತ ಏಳ್ಬ್ಯಾಡ ಕಣೆ. ಸಗಣಿ ಬಾಚೋಕೆ ಬಂದೋಳು ಅಂತ ಏಳು. ನಾನು ಬಾಯ್ ಬುಡಾಕಿಲ್ಲ. ಯೇಸ ಆಕೋದು ನಂಗೇನ್ ಒಸದಾ?"

ನೀನೇ ದಾರಿ ಮಾಡಿಕೊಟ್ಟೆ. ನನ್ನ ಸುಳ್ಳನ್ನೂ ಉಳಿಸಿ, ನಿನ್ನ ಜೀವವನ್ನೂ ಉಳಿಸಿಕೊಳ್ಳುವ ದಾರಿ. ಅತ್ತೆ ಖಂಡಿತ ಒಪ್ಪುತ್ತಿದ್ದರು, ಅವರಾಗಲೇ ನಿನಗೆ ಬಳೆ ಕೊಟ್ಟಿದ್ದರು. ನಾನು ಹೂಂ ಅಂದಿದ್ದರೆ ಸಾಕಾಗಿತ್ತು. ಆದರೆ ದಿನಾ ಬೆಳಗಾಗೆದ್ದು ನಿನ್ನ ಮುಖ ನೋಡಬೇಕಲ್ಲ, ನೀನು ನನ್ನ ಮನೆಯ ಸಗಣಿ ಬಾಚುವುದನ್ನು ನೋಡಬೇಕಲ್ಲ, ಯಾವತ್ತೋ ಒಂದು ದಿನ ಮೈದುನನಿಗೆ ನೆನಪಾದರೆ — ಇದೆಲ್ಲ ಆಮೇಲೆ ಜೋಡಿಸಿಕೊಂಡದ್ದು. ಆ ಗಳಿಗೆಯಲ್ಲಿ ನನ್ನೊಳಗೆ ಏನಿತ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟೇ:

"ನೀನು ಮತ್ತೆ ಇಲ್ಲಿಗೆ ಬರಬ್ಯಾಡಕ್ಕ."

ನೀನು ಕಬ್ಬಿನ ಗರಿ ಬಿಟ್ಟೆ. ಅಂಚು ಕೊಯ್ದು ಬೆರಳಲ್ಲಿ ರಕ್ತ ಜಿನುಗಿತ್ತು, ಅದನ್ನು ಸೆರಗಿಗೆ ಒರೆಸಿಕೊಂಡೆ. "ಮಗೀನ ಎಸ್ರೇನೆ?" ಅಂದೆ. ನಾನು ಹೆಸರು ಹೇಳಿದೆ. "ಚೆನ್ನಾಗದೆ" ಅಂದೆ. "ಓಗು, ನಿಮ್ಮತ್ತೆ ಕಾಯ್ತಿರ್ತಾರೆ. ವಳ್ಳೇ ಎಂಗ್ಸು ಕಣೆ. ಅವರ್ನ ಚೆನ್ನಾಗಿ ನೋಡ್ಕೊ." ಅಷ್ಟು ಅಂದು ಬದುವಿನ ಮೇಲೆ ನಡೆದುಹೋದೆ. ನಾನು ಸ್ಟೇಷನ್ನಿನ ತನಕವೂ ಬರಲಿಲ್ಲ. ಯಾವ ಕಡೆಯ ರೈಲು ಹತ್ತಿದೆ ಅನ್ನುವುದೂ ನನಗೆ ಗೊತ್ತಿಲ್ಲ.

ಆಮೇಲೆ ಸೋದರಮಾವನ ಮನೆಗೆ ನಿನ್ನ ಕಾಗದ ಬರಲಿಲ್ಲ. ಮಾವ ಮದರಾಸಿನ ವಿಳಾಸಕ್ಕೆ ಬರೆದದ್ದು ವಾಪಸ್ಸು ಬಂತು. ಸ್ವಾತಂತ್ರ್ಯ ಬಂತು ಅಂತ ನಮ್ಮೂರಲ್ಲಿ ಮನೆಮನೆಗೆ ಸಕ್ಕರೆ ಹಂಚಿದರು. ಅದು ನನ್ನ ಬಾಯಲ್ಲಿ ಮಣ್ಣಾಗಿತ್ತು. ಆ ವರ್ಷವೂ ಪಿತೃಪಕ್ಷ ಬಂತು, ಅತ್ತೆ ಎಲೆ ಹಾಸಿದರು, ನಾನು ಬಡಿಸಿದೆ. ಹಿಂದಿನ ಐದು ವರ್ಷ ಸುಳ್ಳು ಅಂತ ತಿಳಿದೇ ಇಟ್ಟಿದ್ದೆ. ಅವತ್ತಿನಿಂದ, ಸುಳ್ಳೋ ನಿಜವೋ ತಿಳಿಯದೆ ಇಡತೊಡಗಿದೆ. ಯಾವುದು ಹೆಚ್ಚು ಸುಡುತ್ತದೆ ಅಂತ ಕೇಳಿದರೆ ಇದೇ ಅಕ್ಕಾ, ಇದೇ. ಎಷ್ಟೋ ವರ್ಷ ಮಂಡ್ಯಕ್ಕೆ ಬಂದ ಹಳೆಯ ಹೊಸ ಚಿತ್ರಗಳನ್ನೆಲ್ಲ ನೋಡಿದೆ. ನಾಯಕ ನಾಯಕಿಯರನ್ನು ನೋಡಲಿಲ್ಲ, ಹಿಂದೆ ನಿಂತ ಜನರ ಮುಖಗಳನ್ನೇ ಹುಡುಕಿದೆ. ಗಂಡನಿಗೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಅವರು ಸಾಯುವಾಗ ನನ್ನ ಕೈ ಹಿಡಿದು, ನಿನ್ನಕ್ಕನ ಎಡೆ ತಪ್ಪಿಸಬೇಡ ಅಂದರು. ಹೂಂ ಅಂದೆ. ಅವರಿಗೆ ಹೂಂ ಅಂದೆ ನೋಡು.

ಈ ವರ್ಷ ಅಮಾವಾಸ್ಯೆಯ ದಿನ ಮಗ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿಬಿಟ್ಟೆ. ಇಲ್ಲಿ ಬರೆದಿರುವಷ್ಟನ್ನೂ ಹೇಳಿದೆ. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಅನ್ನುತ್ತಾರಲ್ಲ, ಏನೂ ಇಳಿಯಲಿಲ್ಲ. ಮಗ, "ಯಾವ್ ಕಾಲದ್ ಮಾತು ಬುಡವ್ವ" ಅಂದು ಎದ್ದುಹೋದ. ಸೊಸೆ ಒಳ್ಳೆಯವಳು, ಕೈಯಲ್ಲಿದ್ದ ಬಾಳೆಎಲೆಯನ್ನು ಒರೆಸುತ್ತ ಅಂದಳು: "ಇಷ್ಟೊತ್ಗೆ ಎಂಗೂ ಓಗಿರ್ತಾರಲ್ವಾ ಅತ್ತೆ? ಎಲೆ ಆಕ್ಬುಡ್ತೀನಿ."

ಲೆಕ್ಕ ಹಾಕಿದರೆ ಅವಳ ಮಾತು ಸರಿ. ನನಗೇ ಎಪ್ಪತ್ತು ದಾಟಿದೆ. ನಾನು ಆಡಿದ ಸುಳ್ಳನ್ನು ವಯಸ್ಸೇ ನಿಜ ಮಾಡಿರಬೇಕು. ಅವಳು ಎಲೆ ಹಾಸಿದಳು, ಬಡಿಸಲು ಸೌಟು ಎತ್ತಿದಳು. ನಾನು ಬೇಡ ಅಂದೆ. ಎಲೆ ಎತ್ತಿಸಿದೆ.

ನೀನು ಸತ್ತಿದ್ದರೆ ಈ ವರ್ಷ ನಿನ್ನನ್ನು ಉಪವಾಸ ಕೆಡವಿದ್ದೇನೆ. ಬದುಕಿದ್ದರೆ ಇನ್ನೊಂದು ಸಲ ಸಾಯಿಸಲಿಲ್ಲ. ಎರಡರಲ್ಲಿ ಯಾವುದು ಅಂತ ನನಗೆ ತಿಳಿಯುವ ದಾರಿಯಿಲ್ಲ, ಆ ದಾರಿಯನ್ನು ಕಬ್ಬಿನ ಗದ್ದೆಯ ಬದುವಿನ ಮೇಲೆ ನಾನೇ ಮುಚ್ಚಿದೆ.